ಕಾಯಿಲೆ ಇದ್ದರೆ ಸಾಲದು, ಕಾಗದವೂ ಬೇಕು: ಇಂಗ್ಲೆಂಡಿನ ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನ ಆರೋಗ್ಯ ಸಚಿವರಿಗೆ, ಮತ್ತು ಈ ದೇಶದಲ್ಲಿ ನೆಲೆಸಿರುವ ನನ್ನ ಕನ್ನಡದ ಜನರಿಗೆ,

ಮಾನ್ಯರೇ,

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಎರಡು ಡಬ್ಬಿಗಳಿವೆ. ಒಂದರಲ್ಲಿ ನನ್ನ ಥೈರಾಯ್ಡ್ ಮಾತ್ರೆ. ಇನ್ನೊಂದರಲ್ಲಿ ನನ್ನ ಯಜಮಾನರ ಎರಡು ಇನ್‌ಹೇಲರ್‌ಗಳು ಮತ್ತು ರಕ್ತದೊತ್ತಡದ ಮಾತ್ರೆ. ನನ್ನ ಡಬ್ಬಿಗೆ ಒಂದು ಪೆನ್ನಿಯನ್ನೂ ಕೊಡಬೇಕಾಗಿಲ್ಲ. ಅವರ ಡಬ್ಬಿಗೆ ಕೊಡಬೇಕು. ಇಂಗ್ಲೆಂಡಿನಲ್ಲಿ ವೈದ್ಯರು ಬರೆದುಕೊಟ್ಟ ಒಂದೊಂದು ಔಷಧಿಗೂ ನಿಗದಿತ ಶುಲ್ಕವಿದೆ. ಸರ್ಕಾರದ ಪಟ್ಟಿಯಲ್ಲಿರುವ ಕೆಲವು ಕಾಯಿಲೆಗಳವರು ಅರ್ಜಿ ಹಾಕಿ ಪ್ರಮಾಣಪತ್ರ ಪಡೆದರೆ ಅದರಿಂದ ವಿನಾಯಿತಿ. ನನ್ನ ಕಾಯಿಲೆ ಆ ಪಟ್ಟಿಯಲ್ಲಿದೆ, ಅವರದ್ದಿಲ್ಲ.

2021ರ ಡಿಸೆಂಬರ್‌ನಲ್ಲಿ ನನಗೆ ಗಂಟಲು ಬಾತು ಜ್ವರ ಬಂತು. ವೈದ್ಯರು ಆಂಟಿಬಯಾಟಿಕ್ ಬರೆದುಕೊಟ್ಟರು. ಗಂಟಲಿಗೂ ಥೈರಾಯ್ಡ್ ಕೊರತೆಗೂ ಸಂಬಂಧವಿಲ್ಲದಿದ್ದರೂ ಅದು ನನಗೆ ಉಚಿತವಾಗಿ ಸಿಕ್ಕಿತು, ಏಕೆಂದರೆ ವಿನಾಯಿತಿ ಪ್ರಮಾಣಪತ್ರ ಇದ್ದವರಿಗೆ ಬರೆದುಕೊಟ್ಟ ಔಷಧಿ ಎಲ್ಲವೂ ಉಚಿತ. ಅದೇ ವಾರ ನಮ್ಮ ಯಜಮಾನರು ತಮ್ಮ ಮೂರು ಔಷಧಿಗಳನ್ನು ತರಲು ಹೋದರು. ಆಗ ಒಂದೊಂದಕ್ಕೆ 9 ಪೌಂಡ್ 35 ಪೆನ್ಸ್. ಅವರ ಕೆಲಸದ ಗುತ್ತಿಗೆ ಮುಗಿದು ನಾಲ್ಕು ತಿಂಗಳಾಗಿತ್ತು. ರಕ್ತದೊತ್ತಡದ ಮಾತ್ರೆ ಮತ್ತು ನೀಲಿ ಇನ್‌ಹೇಲರ್ ತಂದರು, ಕಂದು ಬಣ್ಣದ್ದನ್ನು ಬಿಟ್ಟು ಬಂದರು. "ನೀಲಿಯದು ಇದ್ದರೆ ಸಾಕು, ಉಸಿರು ಕಟ್ಟಿದಾಗ ಅದೇ ತಾನೇ ಬೇಕಾಗುವುದು" ಎಂದರು. ಅಸ್ತಮಾ ಇರುವವರಿಗೆ ಗೊತ್ತು: ನೀಲಿಯದು ಕಟ್ಟಿದ ಉಸಿರನ್ನು ಬಿಡಿಸುತ್ತದೆ, ಕಂದು ಬಣ್ಣದ್ದು ಉಸಿರು ಕಟ್ಟದಂತೆ ದಿನವೂ ಕಾಯುತ್ತದೆ. ಅವರು ಬಿಟ್ಟು ಬಂದದ್ದು ಕಾಯುವ ಔಷಧಿಯನ್ನು. ಜನವರಿಯ ಒಂದು ರಾತ್ರಿ ಮೂರು ಗಂಟೆಗೆ ನಾವು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕುಳಿತಿದ್ದೆವು.

ಆ ರಾತ್ರಿ ಕುಳಿತಲ್ಲೇ ಈ ಪತ್ರ ಮನಸ್ಸಿನಲ್ಲಿ ಶುರುವಾಯಿತು. ಇದರ ಇಂಗ್ಲಿಷ್ ಪ್ರತಿ ತಮ್ಮ ಕಚೇರಿಗೆ ಅಂಚೆಯಲ್ಲಿ ಬರುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದು, ಇಲ್ಲಿರುವ ನಮ್ಮ ಜನ ಓದಲಿ ಎಂದು. ಈ ವಿಷಯದಲ್ಲಿ ನಮ್ಮವರು ಕಳೆದುಕೊಳ್ಳುತ್ತಿರುವ ಹಣವನ್ನೂ ಆರೋಗ್ಯವನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ನನ್ನದೇ ಕಥೆಯಿಂದ ಆರಂಭಿಸುತ್ತೇನೆ. 2014ರಲ್ಲಿ ಮೈಸೂರಿನಲ್ಲಿ ಮಗಳು ಹುಟ್ಟಿದ ಮೇಲೆ ನನಗೆ ಥೈರಾಯ್ಡ್ ಕೊರತೆ ಇದೆಯೆಂದು ತಿಳಿಯಿತು. ಜೀವನಪೂರ್ತಿ ಮಾತ್ರೆ ನುಂಗಬೇಕು ಎಂದು ಅಲ್ಲಿಯ ವೈದ್ಯರು ಅಂದೇ ಹೇಳಿದ್ದರು. 2017ರಲ್ಲಿ ಬ್ರಿಸ್ಟಲ್‌ಗೆ ಬಂದೆವು. ಬರುವಾಗ ಸೂಟ್‌ಕೇಸಿನಲ್ಲಿ ಸಾರಿನ ಪುಡಿಯ ಪಕ್ಕದಲ್ಲಿ ನೂರು ಮಾತ್ರೆಗಳ ಎರಡು ಬಾಟಲಿಗಳಿದ್ದವು. ಅವು ಮುಗಿದ ಮೇಲೆ ಜಿಪಿ ಕ್ಲಿನಿಕ್‌ಗೆ, ಅಂದರೆ ನಮ್ಮ ಬಡಾವಣೆಯ ಸಾಮಾನ್ಯ ವೈದ್ಯರಲ್ಲಿಗೆ, ಹೋದೆ. ರಕ್ತ ಪರೀಕ್ಷೆ ಮಾಡಿದರು, ಮಾತ್ರೆ ಬರೆದುಕೊಟ್ಟರು, ತುಂಬ ಒಳ್ಳೆಯ ಮಾತನಾಡಿದರು. ಔಷಧಿ ಅಂಗಡಿಯಲ್ಲಿ ಹಣ ಕೇಳಿದರು, ಕೊಟ್ಟೆ. ಆ ವರ್ಷ 8 ಪೌಂಡ್ 60 ಪೆನ್ಸ್, ಮುಂದಿನ ವರ್ಷ 8 ಪೌಂಡ್ 80, ಅದರ ಮುಂದಿನ ವರ್ಷ 9 ಪೌಂಡ್. ಇಪ್ಪತ್ತೆಂಟು ದಿನಕ್ಕೊಮ್ಮೆ, ಅಂದರೆ ವರ್ಷಕ್ಕೆ ಹದಿಮೂರು ಸಲ. ಈ ಮೂರು ವರ್ಷಗಳಲ್ಲಿ ನನ್ನ ಕಡತವನ್ನು ಎಷ್ಟು ಕಣ್ಣುಗಳು ನೋಡಿದವೋ ಲೆಕ್ಕವಿಲ್ಲ. ವೈದ್ಯರು, ನರ್ಸ್, ಸ್ವಾಗತದ ಮೇಜಿನವರು, ಔಷಧಿ ಕೊಡುವವರು. "ನಿನಗೆ ಈ ಔಷಧಿ ಉಚಿತ, ಒಂದು ಅರ್ಜಿ ತುಂಬಬೇಕು ಅಷ್ಟೇ" ಎಂದು ಒಬ್ಬರೂ ಹೇಳಲಿಲ್ಲ. ಅವರನ್ನು ದೂರುವುದಿಲ್ಲ, ಏಕೆಂದರೆ ಹೇಳುವ ಕೆಲಸ ಅವರಲ್ಲಿ ಯಾರದ್ದೂ ಆಗಿರಲಿಲ್ಲ. ಅದು ಯಾರದ್ದೂ ಆಗಿರದಿರುವುದೇ ನನ್ನ ದೂರು.

2020ರಲ್ಲಿ ಅಂಗಡಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಚೀಟಿ ನೋಡಿ "ನಿಮ್ಮ ಬಳಿ ವೈದ್ಯಕೀಯ ವಿನಾಯಿತಿ ಕಾರ್ಡ್ ಇಲ್ಲವೇ?" ಎಂದು ಕೇಳಿದಳು. ಅವಳಿಂದಲೇ ನನಗೆ ಎಫ್‌ಪಿ92ಎ ಎಂಬ ಅರ್ಜಿಯ ಹೆಸರು ತಿಳಿದದ್ದು. ಆ ಅರ್ಜಿ ಅಂಚೆ ಕಚೇರಿಯಲ್ಲಿ ಸಿಗುವುದಿಲ್ಲ, ಜಿಪಿ ಕ್ಲಿನಿಕ್‌ನಲ್ಲೇ ಕೇಳಿ ಪಡೆಯಬೇಕು. ಕೇಳಬೇಕೆಂದು ಗೊತ್ತಿದ್ದವರಿಗೆ ಮಾತ್ರ ಅದು ಸಿಗುತ್ತದೆ. ಕಾರ್ಡ್ ಬಂತು. ಅರ್ಜಿ ತಲುಪಿದ ದಿನದಿಂದ ಒಂದು ತಿಂಗಳ ಹಿಂದಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಮೂರು ವರ್ಷ ಕೊಟ್ಟ ಹಣದಲ್ಲಿ ಏನೂ ಮರಳಲಿಲ್ಲ.

ಇದು ಇಲ್ಲಿಗೇ ಮುಗಿಯಲಿಲ್ಲ. ಆ ಕಾರ್ಡಿಗೆ ಐದು ವರ್ಷದ ಅವಧಿ. ನಡುವೆ ನಾವು ಮನೆ ಬದಲಿಸಿದ್ದೆವು. ಅವಧಿ ಮುಗಿಯುತ್ತದೆ ಎಂಬ ಜ್ಞಾಪನಾ ಪತ್ರ ಹಳೆಯ ವಿಳಾಸಕ್ಕೆ ಹೋಯಿತು. 2025ರಲ್ಲಿ ನಾನು ಎಂದಿನಂತೆ ಚೀಟಿಯ ಹಿಂಬದಿಯಲ್ಲಿ ವಿನಾಯಿತಿ ಇದೆ ಎಂದು ಹೇಳುವ ಚೌಕದಲ್ಲಿ ಗುರುತು ಹಾಕಿ ಎರಡು ಔಷಧಿ ತಂದೆ. ಕೆಲವು ತಿಂಗಳ ಬಳಿಕ ದಂಡದ ಪತ್ರ ಬಂತು. ಔಷಧಿಯ ಹಣ 19 ಪೌಂಡ್ 80 ಪೆನ್ಸ್, ಅದರ ಐದು ಪಟ್ಟು ದಂಡ 99 ಪೌಂಡ್, ಒಟ್ಟು 118 ಪೌಂಡ್ 80 ಪೆನ್ಸ್. ಇಪ್ಪತ್ತೆಂಟು ದಿನದೊಳಗೆ ಕಟ್ಟದಿದ್ದರೆ ಮೇಲೆ ಇನ್ನೂ 50 ಪೌಂಡ್‌ವರೆಗೆ ಸೇರಬಹುದು. ಪತ್ರದ ಧಾಟಿ ಕಳ್ಳರಿಗೆ ಬರೆದಂತಿತ್ತು. ನನ್ನ ತಂದೆ ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಸರ್ಕಾರಕ್ಕೆ ಒಂದು ರೂಪಾಯಿ ಬಾಕಿ ಇಟ್ಟುಕೊಳ್ಳದ ಮನೆ ನಮ್ಮದು. ಆ ಪತ್ರವನ್ನು ಮಗಳ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬದ ಹಿಂದೆ ಮುಚ್ಚಿಟ್ಟೆ. ಎಲ್ಲವನ್ನೂ ವಿವರಿಸಿ ಬರೆದ ಮೇಲೆ ದಂಡವನ್ನು ಬಿಟ್ಟರು, ಔಷಧಿಯ ಹಣ ಕಟ್ಟಿಸಿಕೊಂಡರು. ಐದು ವರ್ಷದಲ್ಲಿ ವಾಸಿಯಾಗುವ ಕಾಯಿಲೆ ಇದಲ್ಲ ಎಂದು ತಮ್ಮ ಇಲಾಖೆಯ ವೈದ್ಯರಿಗಿಂತ ಚೆನ್ನಾಗಿ ಬಲ್ಲವರಾರು? ಹಾಗಿದ್ದ ಮೇಲೆ ಪ್ರಮಾಣಪತ್ರಕ್ಕೆ ಐದೇ ವರ್ಷದ ಆಯುಷ್ಯ ಏಕೆ?

ಇದು ನನ್ನೊಬ್ಬಳ ಮರೆವಿನ ಮಾತಾಗಿದ್ದರೆ ಬಹಿರಂಗವಾಗಿ ಬರೆಯುತ್ತಿರಲಿಲ್ಲ. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿ ತಮ್ಮ ಇಲಾಖೆಯ ಕಪಾಟಿನಲ್ಲಿಯೇ ಇದೆ. 2014ರಿಂದ ಅಲ್ಲಿಯವರೆಗೆ ಔಷಧಿ ಮತ್ತು ಹಲ್ಲಿನ ಚಿಕಿತ್ಸೆಯ ವಿಷಯದಲ್ಲಿ ಹೊರಡಿಸಿದ ದಂಡದ ನೋಟಿಸುಗಳು 56 ಲಕ್ಷ. ಅವುಗಳಲ್ಲಿ 17 ಲಕ್ಷವನ್ನು ಹಿಂತೆಗೆದುಕೊಳ್ಳಬೇಕಾಯಿತು, ಏಕೆಂದರೆ ಅವರಿಗೆ ವಿನಾಯಿತಿ ಇದ್ದದ್ದು ಆಮೇಲೆ ಖಚಿತವಾಯಿತು. ಹತ್ತು ಜನರಿಗೆ ದಂಡ ಹಾಕಿದರೆ ಅದರಲ್ಲಿ ಮೂವರು ತಪ್ಪಿಲ್ಲದವರು. ನನ್ನಂತೆ ಕಾಯಿಲೆ ಇದ್ದೂ ಕಾಗದ ಇಲ್ಲದವರು ಈ ಮೂವರಲ್ಲಿ ಸೇರುವುದಿಲ್ಲ ಎಂಬುದನ್ನೂ ತಾವು ಗಮನಿಸಬೇಕು.

ಗೊಂದಲದ ಬೇರು ಒಂದೇ ಕಡೆ ಇದೆ. ಮಧುಮೇಹ ಇದ್ದರೆ ಔಷಧಿ ಉಚಿತ ಎಂದು ಜನ ಕೇಳಿರುತ್ತಾರೆ. ಆದರೆ ನಿಯಮ ಹೇಳುವುದು ಬೇರೆ: ಮಧುಮೇಹ ಇದ್ದು, ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದು, ಅರ್ಜಿ ಹಾಕಿ, ಊರ್ಜಿತದಲ್ಲಿರುವ ಪ್ರಮಾಣಪತ್ರ ಹೊಂದಿದ್ದರೆ ಉಚಿತ. ಪಥ್ಯದಲ್ಲೇ ಸಕ್ಕರೆ ಹತೋಟಿಯಲ್ಲಿದ್ದರೆ ವಿನಾಯಿತಿ ಇಲ್ಲ. ನಮ್ಮ ಪರಿಚಯದ ಒಬ್ಬ ಹಿರಿಯರಿಗೆ ಹೀಗೆಯೇ ಆಯಿತು. ಪಥ್ಯದಲ್ಲಿದ್ದಾಗ ಕೇಳಿದ್ದರು, ಇಲ್ಲವೆಂದರು. ಎರಡು ವರ್ಷದ ನಂತರ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾಯಿತು. ಈಗ ಅರ್ಹರಾಗಿದ್ದೀರಿ ಎಂದು ಯಾರೂ ಹೇಳಲಿಲ್ಲ, ಒಮ್ಮೆ ಇಲ್ಲವೆನಿಸಿಕೊಂಡವರು ಮತ್ತೆ ಕೇಳಲೂ ಇಲ್ಲ. ಈ ದೇಶದಲ್ಲಿ ದಕ್ಷಿಣ ಏಷ್ಯಾ ಮೂಲದವರಿಗೆ ಎರಡನೆಯ ಬಗೆಯ ಮಧುಮೇಹ ಬರುವ ಸಂಭವ ಬಿಳಿಯರಿಗಿಂತ ಬಹಳ ಹೆಚ್ಚೆಂದು ತಮ್ಮದೇ ಆರೋಗ್ಯ ಸೇವೆ ನಮಗೆ ಎಚ್ಚರಿಕೆ ಹೇಳುತ್ತದೆ. ಸಿಹಿ ಕಡಿಮೆ ತಿನ್ನಿ, ಅನ್ನ ಕಡಿಮೆ ಮಾಡಿ ಎಂಬ ಕರಪತ್ರ ಕೈಗೆ ಬರುತ್ತದೆ. ಅದೇ ಕರಪತ್ರದ ಕೊನೆಯಲ್ಲಿ, ಔಷಧಿ ಶುರುವಾದರೆ ವಿನಾಯಿತಿಗೆ ಅರ್ಜಿ ಹಾಕಿ ಎಂಬ ಎರಡು ಸಾಲು ಸೇರಿಸಲು ಏನು ತೊಂದರೆ?

ಕನ್ನಡಿಗರಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದು ನನಗೆ ಅತಿ ಹೆಚ್ಚು ಸಂಕಟ ಕೊಟ್ಟದ್ದು. ಹೋದ ಯುಗಾದಿಗೆ ಸೇರಿದ್ದಾಗ ದಾವಣಗೆರೆ ಕಡೆಯ ವಿದ್ಯಾರ್ಥಿಯೊಬ್ಬ ಊಟದ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ. ಅವನಿಗೆ ಮೂರ್ಛೆ ರೋಗ. ದಿನಕ್ಕೆ ಎರಡು ಹೊತ್ತು ಮಾತ್ರೆ ತಪ್ಪಬಾರದು. ವೀಸಾದ ಮೇಲೆ "ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ" ಎಂದು ಬರೆದಿದೆ, ಉಚಿತ ಔಷಧಿ ಕೇಳಿದರೆ ವೀಸಾ ಹೋಗುತ್ತದೆ ಎಂದು ಹೆದರಿ ಹಣ ಕೊಟ್ಟೇ ತರುತ್ತಿದ್ದ. ಪರೀಕ್ಷೆಯ ಶುಲ್ಕ ಕಟ್ಟುವ ತಿಂಗಳು ಮಾತ್ರೆಯನ್ನು ಒಂದು ಹೊತ್ತಿಗೆ ಇಳಿಸಿದ್ದನ್ನು ಸಹಜವೆಂಬಂತೆ ಹೇಳಿದ. "ಅಕ್ಕ, ಅಮ್ಮನಿಗೆ ಹೇಳಬೇಡಿ" ಎಂದ. ನನ್ನ ಕೈಯ ತುತ್ತು ಎಲೆಗೆ ಬಿತ್ತು.

ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಹೇಳುತ್ತೇನೆ. ಎನ್‌ಎಚ್‌ಎಸ್, ಅಂದರೆ ಈ ದೇಶದ ಸರ್ಕಾರಿ ಆರೋಗ್ಯ ಸೇವೆ, ಕೊಡುವ ಚಿಕಿತ್ಸೆ ವೀಸಾ ನಿಯಮದ ಅರ್ಥದಲ್ಲಿ "ಸಾರ್ವಜನಿಕ ನಿಧಿ" ಅಲ್ಲ. ವೈದ್ಯಕೀಯ ವಿನಾಯಿತಿ ಭಿಕ್ಷೆಯೂ ಅಲ್ಲ, ಭತ್ಯೆಯೂ ಅಲ್ಲ. ವಿದ್ಯಾರ್ಥಿಗಳು ವೀಸಾ ಪಡೆಯುವಾಗಲೇ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ, ಕೆಲಸದ ವೀಸಾದವರಲ್ಲಿ ಹೆಚ್ಚಿನವರು 1,035 ಪೌಂಡ್. ಇಷ್ಟು ಕಟ್ಟಿದ್ದೇವೆ, ಆದ್ದರಿಂದ ಔಷಧಿ ತಾನಾಗಿಯೇ ಉಚಿತ ಎಂದು ನಂಬಿ ಚೌಕದಲ್ಲಿ ಗುರುತು ಹಾಕಿ ದಂಡ ತೆತ್ತವರೂ ನನಗೆ ಗೊತ್ತು. ಆ ಶುಲ್ಕ ಕಟ್ಟಿದ್ದರೂ ಔಷಧಿ ಚೀಟಿಗೆ ಬೇರೆ ಹಣ ಕೊಡಬೇಕು. ಒಬ್ಬ ಹೆದರಿ ಹಕ್ಕನ್ನು ಬಿಟ್ಟ, ಇನ್ನೊಬ್ಬರು ನಂಬಿ ದಂಡ ಕೊಟ್ಟರು. ಇಬ್ಬರಿಗೂ ಹೇಳಬೇಕಾಗಿದ್ದದ್ದು ಒಂದೇ ವಾಕ್ಯ.

ಇನ್ನು ಪಟ್ಟಿಯ ವಿಷಯ. ಔಷಧಿಗೆ ಶುಲ್ಕ 1952ರಲ್ಲಿ ಬಂತು, 1965ರಲ್ಲಿ ಹೋಯಿತು, 1968ರ ಜೂನ್‌ನಲ್ಲಿ ಮರಳಿ ಬಂತು. ಮರಳಿ ತರುವಾಗ ಕೆಲವು ಕಾಯಿಲೆಗಳಿಗೆ ವಿನಾಯಿತಿ ಕೊಟ್ಟರು. ಜೀವನಪೂರ್ತಿ ಔಷಧಿ ಬೇಕಾದ, ಔಷಧಿ ತಪ್ಪಿದರೆ ಜೀವಕ್ಕೇ ಅಪಾಯವಾಗುವ ಕಾಯಿಲೆಗಳನ್ನು ಆಯ್ದರು. ಥೈರಾಯ್ಡ್ ಕೊರತೆ, ಔಷಧಿ ಬೇಕಾದ ಮಧುಮೇಹ, ಮೂರ್ಛೆ ರೋಗ, ಅಡ್ರಿನಲ್ ಮತ್ತು ಪಿಟ್ಯೂಟರಿ ಗ್ರಂಥಿಗಳ ಕೊರತೆ, ಸ್ನಾಯುಗಳು ಬಲಗುಂದುವ ಮಯಸ್ತೇನಿಯಾ ಗ್ರಾವಿಸ್, ಹೊಟ್ಟೆಗೆ ಶಾಶ್ವತ ರಂಧ್ರ ಮಾಡಿ ಚೀಲ ಹಾಕಿರುವವರು, ಇನ್ನೊಬ್ಬರ ನೆರವಿಲ್ಲದೆ ಮನೆಯಿಂದ ಹೊರಗೆ ಹೋಗಲಾಗದವರು, ಹೀಗೆ. 2009ರಲ್ಲಿ ಕ್ಯಾನ್ಸರ್ ಸೇರಿತು. ಅದನ್ನು ಬಿಟ್ಟರೆ ಪಟ್ಟಿ ಬಹುಮಟ್ಟಿಗೆ 1968ರದ್ದೇ.

1968 ಎಂತಹ ಕಾಲವೆಂದು ಯೋಚಿಸಿ ನೋಡಿ. ಈ ದೇಶದ ಮೊದಲ ಹೃದಯ ಕಸಿ ನಡೆದದ್ದು ಅದೇ ವರ್ಷದ ಮೇ 3ರಂದು, ಪಟ್ಟಿ ಜಾರಿಗೆ ಬರುವುದಕ್ಕೆ ತಿಂಗಳಿಗಿಂತ ಸ್ವಲ್ಪ ಮೊದಲು. ಇಂದು ಕಸಿ ಮಾಡಿಸಿಕೊಂಡವರು ಬದುಕಿರುವಷ್ಟು ದಿನ ಔಷಧಿ ತೆಗೆದುಕೊಳ್ಳಬೇಕು, ಅವರು ಪಟ್ಟಿಯಲ್ಲಿಲ್ಲ. ಹುಟ್ಟಿನಿಂದಲೇ ಶ್ವಾಸಕೋಶವನ್ನು ಕಾಡುವ ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳು ಆಗ ದೊಡ್ಡವರಾಗುವವರೆಗೆ ಉಳಿಯುತ್ತಿದ್ದದ್ದೇ ಅಪರೂಪ. ಮಕ್ಕಳಿಗೆ ವಯಸ್ಸಿನಿಂದಲೇ ಔಷಧಿ ಉಚಿತವಾಗಿದ್ದರಿಂದ ಆ ಕಾಯಿಲೆಯನ್ನು ಪಟ್ಟಿಗೆ ಸೇರಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ವೈದ್ಯವಿಜ್ಞಾನ ಆ ಮಕ್ಕಳನ್ನು ಉಳಿಸಿತು. ಅವರು ಬೆಳೆದರು, ಓದಿದರು, ಕೆಲಸಕ್ಕೆ ಸೇರಿದರು. ಉಳಿದು ಬೆಳೆದದ್ದಕ್ಕೆ ಈಗ ಪ್ರತಿ ಔಷಧಿಗೂ ಹಣ ಕೊಡುತ್ತಿದ್ದಾರೆ. ಈ ಸಾಲನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಅಸ್ತಮಾ ಪಟ್ಟಿಯಲ್ಲಿಲ್ಲ. ರಕ್ತದೊತ್ತಡ, ಹೃದಯ ವೈಫಲ್ಯ, ಪಾರ್ಕಿನ್ಸನ್, ಸಂಧಿವಾತ, ಲೂಪಸ್, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ, ಥಲಸ್ಸೀಮಿಯಾ, ಸ್ಕಿಜೋಫ್ರೀನಿಯಾ, ಯಾವುದೂ ಇಲ್ಲ. ಜನ ಗೊಂದಲಗೊಳ್ಳುವುದರಲ್ಲಿ ಆಶ್ಚರ್ಯವೇನು? "ಜೀವನಪೂರ್ತಿಯ ಕಾಯಿಲೆ ಇದ್ದವರಿಗೆ ವಿನಾಯಿತಿ" ಎಂದು ಕೇಳಿದವರು, ತಮಗೂ ಜೀವನಪೂರ್ತಿಯ ಕಾಯಿಲೆ ಇದೆ ಎಂದು ನಂಬಿ ಹೋಗುತ್ತಾರೆ. ನಮ್ಮ ಯಜಮಾನರು ಹಾಗೆಯೇ ಹೋಗಿದ್ದರು. ನನಗೆ ಸಿಕ್ಕಿದ ಮೇಲೆ ತಮಗೂ ಸಿಗುತ್ತದೆ ಎಂದುಕೊಂಡಿದ್ದರು. ಕ್ಲಿನಿಕ್‌ನಿಂದ ಹಿಂದಿರುಗಿ ಬಂದು ಏನೂ ಮಾತನಾಡದೆ ಟೀ ಮಾಡಿಕೊಂಡು ಕುಡಿದರು. ಅವರ ಕಾಯಿಲೆ ಯಾವ ವಿಷಯದಲ್ಲಿ ನನ್ನದಕ್ಕಿಂತ ಹಗುರವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಒಂದು ದಿನ ಮಾತ್ರೆ ಮರೆತರೆ ಏನೂ ಆಗುವುದಿಲ್ಲ. ಅವರ ಎದೆಯಿಂದ ಸೀಟಿಯಂತಹ ಸದ್ದು ಬರುತ್ತದೆ.

ದಾರಿ ಗೊತ್ತಿಲ್ಲವೆಂದು ತಾವು ಹೇಳುವಂತಿಲ್ಲ. 2008ರಲ್ಲಿ ಅಂದಿನ ಸರ್ಕಾರವೇ ದೀರ್ಘಕಾಲದ ಕಾಯಿಲೆ ಇರುವ ಎಲ್ಲರಿಗೂ ವಿನಾಯಿತಿ ಕೊಡುವ ಮಾತನ್ನಾಡಿತ್ತು. ಅದಕ್ಕಾಗಿ ಪ್ರೊಫೆಸರ್ ಇಯಾನ್ ಗಿಲ್ಮೋರ್ ಅವರಿಂದ ಪರಾಮರ್ಶೆ ಮಾಡಿಸಿತ್ತು. ಹಂತಹಂತವಾಗಿ ಹೇಗೆ ಜಾರಿಗೆ ತರಬಹುದೆಂದು ಅವರು ಬರೆದುಕೊಟ್ಟ ವರದಿ 2010ರಲ್ಲಿ ಪ್ರಕಟವೂ ಆಯಿತು. ಆಮೇಲೆ ಸರ್ಕಾರಗಳು ಬದಲಾದವು, ವರದಿ ಮಾತ್ರ ಕದಲಲಿಲ್ಲ.

ಹೊಳೆ ದಾಟಿದರೆ ಬೇರೆ ನ್ಯಾಯ. ಬ್ರಿಸ್ಟಲ್‌ನಿಂದ ಸೆವರ್ನ್ ಸೇತುವೆ ದಾಟಿ ವೇಲ್ಸ್‌ಗೆ ಹೋಗಲು ನಮಗೆ ಅರ್ಧ ಗಂಟೆ ಸಾಕು. 2018ರ ಡಿಸೆಂಬರ್‌ನಿಂದ ಸೇತುವೆಗೆ ಸುಂಕವೂ ಇಲ್ಲ. ಆಚೆ ದಡದಲ್ಲಿ 2007ರಿಂದ ಎಲ್ಲರಿಗೂ ಔಷಧಿ ಚೀಟಿ ಉಚಿತ. ಉತ್ತರ ಐರ್ಲೆಂಡ್‌ನಲ್ಲಿ 2010ರಿಂದ, ಸ್ಕಾಟ್ಲೆಂಡ್‌ನಲ್ಲಿ 2011ರಿಂದ. ನ್ಯೂಪೋರ್ಟ್‌ನಲ್ಲಿರುವ ನಮ್ಮ ಗೆಳೆಯರ ಮನೆಯಲ್ಲೂ ಅಸ್ತಮಾ ಇದೆ, ಅಲ್ಲಿ ಯಾರೂ ಕಂದು ಇನ್‌ಹೇಲರ್ ಬಿಟ್ಟು ಬರುವುದಿಲ್ಲ. ಅವರಿಗೆ ಯಾವ ಚೌಕ, ಯಾವ ಅರ್ಜಿ, ಯಾವ ದಿನಾಂಕವನ್ನೂ ನೆನಪಿಡಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಕೊಡುವ ಔಷಧಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಈಗಾಗಲೇ ಉಚಿತ ಎಂಬ ಉತ್ತರ ತಮ್ಮ ಇಲಾಖೆಯಿಂದ ಮತ್ತೆ ಮತ್ತೆ ಬರುತ್ತದೆ. ಅದು ನಿಜವೇ. ಅರವತ್ತು ದಾಟಿದವರು, ಮಕ್ಕಳು, ಗರ್ಭಿಣಿಯರು, ಕಡಿಮೆ ಆದಾಯದ ಕೆಲವರು ಅದರಲ್ಲಿದ್ದಾರೆ. ಅವರಿಗೆ ಸಿಗುತ್ತಿರುವುದು ಸಂತೋಷ. ಆದರೆ ನಾನು ಕೇಳುತ್ತಿರುವುದು ಉಳಿದ ಹತ್ತರಲ್ಲಿ ಇರುವವರ ಬಗ್ಗೆ, ದುಡಿಯುವ ವಯಸ್ಸಿನ, ದಿನವೂ ಔಷಧಿ ಬೇಕಾದವರ ಬಗ್ಗೆ.

ನನ್ನ ಬೇಡಿಕೆಗಳಲ್ಲಿ ಮೊದಲನೆಯದಕ್ಕೆ ಕಾನೂನನ್ನು ದೊಡ್ಡದಾಗಿ ತಿದ್ದುವ ಅಗತ್ಯವೂ ಇಲ್ಲ. ವೈದ್ಯರು ನನ್ನ ಕಡತದಲ್ಲಿ ಥೈರಾಯ್ಡ್ ಕೊರತೆ ಎಂದು ದಾಖಲಿಸಿ ಮಾತ್ರೆ ಬರೆದ ಕ್ಷಣದಲ್ಲಿ, ನಾನು ಅರ್ಹಳೆಂದು ಆರೋಗ್ಯ ಸೇವೆಗೆ ಗೊತ್ತಾಗಿದೆ. ಪ್ರಮಾಣಪತ್ರ ಆಗಲೇ ತಾನಾಗಿ ಹೊರಡಲಿ. ಗೊತ್ತಿರುವುದನ್ನು ನನ್ನಿಂದಲೇ ಮತ್ತೆ ಬರೆಸಿಕೊಂಡು, ಬರೆಯದಿದ್ದರೆ ಹಣ ಪಡೆದು, ಬರೆದದ್ದು ಹಳೆಯದಾದರೆ ದಂಡ ಹಾಕುವುದು ಬೇಡ. ವಾಸಿಯಾಗದ ಕಾಯಿಲೆಗೆ ಅವಧಿ ನಿಗದಿ ಮಾಡುವುದನ್ನು ಬಿಡಿ. ಅದಾದ ಮೇಲೆ ಗಿಲ್ಮೋರ್ ವರದಿಯನ್ನು ಕಪಾಟಿನಿಂದ ತೆಗೆದು ಧೂಳು ಕೊಡವಿ ಓದಿ. ಪಟ್ಟಿಯನ್ನು ತೆರೆಯಿರಿ. ಅಷ್ಟು ದಿನ ಹಿಡಿಯುವುದಾದರೆ, ಅಲ್ಲಿಯವರೆಗೆ ಅಸ್ತಮಾದವರನ್ನಾದರೂ ಕಾಯಿಸಬೇಡಿ.

ಇಲ್ಲಿರುವ ನಮ್ಮವರಿಗೆ ನಾಲ್ಕು ಮಾತು, ನಾಳೆಯೇ ಉಪಯೋಗಕ್ಕೆ ಬರುವಂಥವು. ಪಟ್ಟಿಯಲ್ಲಿರುವ ಕಾಯಿಲೆ ಇದ್ದರೆ ಜಿಪಿ ಕ್ಲಿನಿಕ್‌ನಲ್ಲಿ ಎಫ್‌ಪಿ92ಎ ಎಂದು ಹೆಸರು ಹಿಡಿದು ಕೇಳಿ. ಕಾರ್ಡ್ ಬರುವವರೆಗೆ ಹಣ ಕೊಟ್ಟು ತರುವುದಾದರೆ ಅಂಗಡಿಯಲ್ಲಿ ಆ ಹೊತ್ತಿಗೇ ಎಫ್‌ಪಿ57 ಎಂಬ ರಸೀದಿ ಕೇಳಿ ಪಡೆಯಿರಿ. ಆಮೇಲೆ ಕೇಳಿದರೆ ಕೊಡುವುದಿಲ್ಲ, ಅದಿಲ್ಲದೆ ಹಣ ಮರಳುವುದಿಲ್ಲ, ಮೂರು ತಿಂಗಳೊಳಗೆ ಮರಳಿ ಕೇಳಬೇಕು. ಮನೆ ಬದಲಿಸಿದರೆ ಕ್ಲಿನಿಕ್‌ಗೆ ತಿಳಿಸಿದರೆ ಸಾಲದು, ಕಾರ್ಡ್ ಕೊಟ್ಟ ಕಚೇರಿಗೂ ತಿಳಿಸಿ. ಕಾರ್ಡಿನ ಕೊನೆಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾಯಿಲೆ ಪಟ್ಟಿಯಲ್ಲಿಲ್ಲದಿದ್ದರೆ ಮುಂಗಡ ಪಾವತಿಯ ಪ್ರಮಾಣಪತ್ರವಿದೆ: ಅದನ್ನು ಕೊಂಡರೆ ಅದರ ಅವಧಿಯಲ್ಲಿ ಬರೆದುಕೊಟ್ಟ ಔಷಧಿಗಳಿಗೆ ಬೇರೆ ಹಣ ಕೊಡಬೇಕಾಗಿಲ್ಲ. 2024ರ ಮೇ ತಿಂಗಳಲ್ಲಿ ನಿಗದಿಯಾದ ದರದಲ್ಲಿ ಒಂದು ಔಷಧಿಗೆ 9 ಪೌಂಡ್ 90 ಪೆನ್ಸ್ ಆದರೆ, ವರ್ಷದ ಪ್ರಮಾಣಪತ್ರಕ್ಕೆ 114 ಪೌಂಡ್ 50 ಪೆನ್ಸ್, ಹತ್ತು ಕಂತಿನಲ್ಲೂ ಕಟ್ಟಬಹುದು. ವರ್ಷಕ್ಕೆ ಹನ್ನೆರಡು ಔಷಧಿ ತರುವವರಿಗೇ ಅದು ಲಾಭ. ತಿಂಗಳಿಗೆ ಎರಡು ತರುವವರಿಗೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಆ ಜನವರಿ ರಾತ್ರಿಯ ನಂತರ ನಮ್ಮ ಯಜಮಾನರು ಅದನ್ನು ಮಾಡಿಸಿದರು. ತುರ್ತು ವಿಭಾಗದ ನರ್ಸ್ ಹೇಳಿದ್ದರಿಂದ ನಮಗೆ ತಿಳಿಯಿತು, ಅದಕ್ಕೆ ಮುಂಚೆ ಯಾರೂ ಹೇಳಿರಲಿಲ್ಲ.

ದಾವಣಗೆರೆಯ ಹುಡುಗನ ಅರ್ಜಿಯನ್ನು ನಾವಿಬ್ಬರೂ ಕೂಡಿ ತುಂಬಿದೆವು. ಮೇ ತಿಂಗಳಲ್ಲಿ ಅವನ ಕಾರ್ಡ್ ಬಂತು. ಈಗ ಎರಡು ಹೊತ್ತೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ.

ಸಚಿವರೇ, ತಮ್ಮಿಂದ ಉತ್ತರ ಬಂದರೆ ಅದನ್ನು ಕನ್ನಡಕ್ಕೆ ತಂದು ನಮ್ಮ ಜನರ ಮುಂದೆ ಇಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಬ್ರಿಸ್ಟಲ್‌ನಲ್ಲಿರುವ ಒಬ್ಬ ಕನ್ನಡತಿ